ಅಂಚಿಗೆ ಕರೆದವನು

ನನ್ನ ಹೆಂಡತಿಯ ತಮ್ಮ ಸಮುದ್ರದ ಪಕ್ಕದ ಗುಡ್ಡದ ಅಂಚಿನಿಂದ ಬಿದ್ದು ಸತ್ತ. ಕುಣಿಗಲ್ಲಿನ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಇವತ್ತಿಗೂ ಆ ಕಡೆ ಅವನ ಮಾತು ಬಂದರೆ, "ಯಾರು, ಆ ಸೆಲ್ಫಿ ಮೇಷ್ಟ್ರಾ?" ಎಂದು ಕೇಳುತ್ತಾರೆ. ಹಾಗೆ ಕೇಳುವವರು ಕೆಟ್ಟವರಲ್ಲ. ಅವರಿಗೆ ಗೊತ್ತಿರುವುದು ಅಷ್ಟೆ. ಫೋಟೋ ಹುಚ್ಚಿಗೆ ಅಂಚಿಗೆ ಹೋದ, ಕಾಲು ಜಾರಿತು, ಹೆಂಡತಿ ಮಗಳನ್ನು ನಡುನೀರಿನಲ್ಲಿ ಬಿಟ್ಟು ಹೋದ ಎಂಬುದು ಊರಿನ ಬಾಯಲ್ಲಿರುವ ಕತೆ. ಆ ಕತೆಯನ್ನು ಊರಿಗೆ ಕೊಟ್ಟವನು ನಾನು. ಅದು ಸುಳ್ಳು. ಅವನು ತಾನಾಗಿ ಅಂಚಿಗೆ ಹೋಗಲಿಲ್ಲ. ನಾನು ಕರೆದೆ.

ಇಷ್ಟನ್ನು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಉಳಿದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಾನು ಗುಬ್ಬಿಯಲ್ಲಿ ಹುಟ್ಟಿದವನು. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಮುಂದಕ್ಕೆ ಓದುವ ಮನಸ್ಸಾಗದೆ ಅಪ್ಪನ ಕಲ್ಲಿನ ಕೆಲಸಕ್ಕೆ ಇಳಿದೆ. ಮದುವೆಯಾದ ಮೇಲೆ ತುಮಕೂರಿಗೆ ಬಂದು ಕುಣಿಗಲ್ ರಸ್ತೆಯ ಬದಿಯಲ್ಲಿ ನನ್ನದೇ ಕಲ್ಲಿನ ವ್ಯಾಪಾರ ಶುರು ಮಾಡಿದೆ. ತೋಟದ ಬೇಲಿಗೆ ನಿಲ್ಲಿಸುವ ಕಂಬ, ನೆಲಕ್ಕೆ ಹಾಸುವ ಚಪ್ಪಡಿ, ಬಟ್ಟೆ ಒಗೆಯುವ ಕಲ್ಲು, ಇಂಥವು. ಸದಾಶಿವನಗರದ ನಮ್ಮ ಮನೆಯ ಮೆಟ್ಟಿಲೂ ನಾನೇ ಆರಿಸಿ ತಂದ ಕಲ್ಲು.

ಈ ಕೆಲಸವನ್ನು ಮೊದಲು ಕಲಿಯುವುದು ಕಿವಿ. ಚಪ್ಪಡಿಯನ್ನು ಲಾರಿಯಿಂದ ಇಳಿಸಿಕೊಳ್ಳುವ ಮುಂಚೆ ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು ಹಾಕುತ್ತೇವೆ. ಠಣ್ ಎಂದರೆ ಗಟ್ಟಿ. ಬೊದ್ ಎಂದರೆ ಒಳಗೆಲ್ಲೋ ಬಿರುಕಿದೆ, ಇವತ್ತಲ್ಲ ನಾಳೆ ಒಡೆಯುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಸುತ್ತಿಗೆ ಕೈಯಲ್ಲಿಲ್ಲದಿದ್ದರೆ ಹಿಮ್ಮಡಿಯಲ್ಲಿ ಕುಟ್ಟಿದರೂ ನನಗೆ ತಿಳಿಯುತ್ತಿತ್ತು. ಮದುವೆ ಮನೆಗೆ ಹೋದರೂ ಜಗಲಿಯ ಕಲ್ಲನ್ನು ಕಾಲಿನಲ್ಲಿ ಕುಟ್ಟಿ, "ಇದ್ಯಾರಪ್ಪ ಕೊಟ್ಟಿದ್ದು ನಿಮ್ಗೆ, ಮೋಸ ಮಾಡವ್ರೆ" ಎನ್ನುತ್ತಿದ್ದೆ. ಜನ ನಗುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ.

ನಮ್ಮ ಕಡೆಯ ಬೆಟ್ಟಗಳೆಲ್ಲ ಒಂದೇ ಬಂಡೆ. ದೇವರಾಯನದುರ್ಗಕ್ಕೆ ಹೋದರೆ ಜನ ಬಂಡೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು ಬುತ್ತಿ ಬಿಚ್ಚುತ್ತಾರೆ. ಅಲ್ಲಿ ಜಾರಿದರೆ ಮನುಷ್ಯ ಜಾರಬೇಕು, ಬಂಡೆ ಜಾರುವುದಿಲ್ಲ. ನಾವು ಹುಟ್ಟಿದಾಗಿನಿಂದ ಅಂಚು ಎಂದರೆ ಅದೇ. ತುದಿ ಎಲ್ಲಿದೆಯೋ ಅಲ್ಲಿಯತನಕ ನೆಲ ನಮ್ಮದು ಎಂದು ಕಾಲಿಗೆ ಅಭ್ಯಾಸ.

ನನ್ನ ಭಾಮೈದ ಆ ಬಂಡೆಯ ಮೇಲೂ ತುದಿಗೆ ಬರುತ್ತಿರಲಿಲ್ಲ. ಎತ್ತರ ಅವನಿಗೆ ಆಗುತ್ತಿರಲಿಲ್ಲ. ಚಿಕ್ಕವನಾಗಿದ್ದಾಗ ತೆಂಗಿನ ಮರದ ಬುಡದಲ್ಲಿ ನಿಂತು ಮೇಲೆ ನೋಡಿದರೇ ತಲೆ ಸುತ್ತಿ ಕೂತುಬಿಡುತ್ತಿದ್ದನಂತೆ. ಸ್ಕೂಟರು ಹತ್ತಿದರೆ ಪಕ್ಕದ ಬೀದಿಗೂ ಹೆಲ್ಮೆಟ್ಟು. ಊರಿಗೆ ಹೊರಟರೆ ಬೀಗ ಹಾಕಿದ ಮೇಲೆ ಮತ್ತೆ ತೆಗೆದು ಒಳಗೆ ಹೋಗಿ ಗ್ಯಾಸ್ ನೋಡಿಕೊಂಡು ಬರುತ್ತಿದ್ದ. ನಾನು ಅವನನ್ನು ಆಡಿಕೊಳ್ಳುತ್ತಿದ್ದೆ. "ನಮ್ಮ ಮೇಷ್ಟ್ರು ನೀರು ಕುಡಿಯಕ್ಕೂ ಮುಂಚೆ ಬಾವಿ ಆಳ ಅಳೀತಾರೆ" ಎಂದರೆ, "ಅಳೀದೆ ಕುಡಿದೋರು ಹೇಳಕ್ಕೆ ಬರಲ್ಲ ಭಾವ" ಎಂದು ತಾನೂ ನಗುತ್ತಿದ್ದ.

ಆ ವರ್ಷ ದಸರಾ ರಜೆಯಲ್ಲಿ ಎರಡೂ ಸಂಸಾರ ಸೇರಿ ಕಾರು ಮಾಡಿಕೊಂಡು ಕರಾವಳಿಗೆ ಹೋದೆವು. ನಾನು, ನನ್ನ ಹೆಂಡತಿ, ಅವನು, ಅವನ ಹೆಂಡತಿ, ಅವರ ಒಬ್ಬಳೇ ಮಗಳು. ಆ ಹುಡುಗಿ ಆಗ ಇನ್ನೂ ಪ್ರೈಮರಿ ಶಾಲೆ. ದೇವಸ್ಥಾನಗಳನ್ನು ಮುಗಿಸಿಕೊಂಡು ಬರುವಾಗ ಡ್ರೈವರು, "ಇಲ್ಲೊಂದು ಗುಡ್ಡ ಐತೆ, ಮೇಲಿಂದ ಸಮುದ್ರ ಚೆನ್ನಾಗಿ ಕಾಣ್ತದೆ" ಎಂದ. ಹುಡುಗಿಗೆ ಘಾಟಿಯ ತಿರುವುಗಳಲ್ಲಿ ವಾಂತಿಯಾಗಿ ಸುಸ್ತಾಗಿತ್ತು. ಹೆಂಗಸರು ಅವಳನ್ನು ಮಲಗಿಸಿಕೊಂಡು ಕಾರಿನಲ್ಲೇ ಉಳಿದರು. ನಾವಿಬ್ಬರೇ ಮೇಲೆ ಹತ್ತಿದೆವು. ಹೊತ್ತು ಇಳಿಯುತ್ತಿತ್ತು. ಮಳೆಗಾಲ ಆಗತಾನೆ ಮುಗಿದಿದ್ದರಿಂದ ಗುಡ್ಡದ ತುಂಬ ಮೊಣಕಾಲೆತ್ತರದ ಹಸಿರು ಹುಲ್ಲು.

ತುದಿಗೆ ಸ್ವಲ್ಪ ದೂರದಲ್ಲಿ ಸುಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಪಕ್ಕದಲ್ಲಿ ಬಣ್ಣ ಹೋದ ಒಂದು ಬೋರ್ಡು. ಭಾಮೈದ ಅಲ್ಲೇ ನಿಂತು ಗಟ್ಟಿಯಾಗಿ ಓದಿದ, ತರಗತಿಯಲ್ಲಿ ಓದುವ ಹಾಗೆ. ಕಲ್ಲುಗಳನ್ನು ದಾಟಬಾರದು, ಅಂಚು ಕುಸಿಯುತ್ತದೆ ಎಂದು ಬರೆದಿತ್ತು.

"ಬೋರ್ಡ್ ಓದಕ್ಕೆ ಬಂದ್ಯೋ, ಸಮುದ್ರ ನೋಡಕ್ಕೆ ಬಂದ್ಯೋ?" ಎಂದೆ.

"ಇಲ್ಲಿಂದ್ಲೂ ಕಾಣ್ತದಲ್ಲ ಭಾವ."

"ಇಲ್ಲಿಂದ ಬರೀ ನೀರು ಕಾಣ್ತದೆ. ಅಲೆ ಬಂಡೆಗೆ ಬಡಿಯೋದು ಕಾಣ್ಬೇಕು ಅಂದ್ರೆ ಅಲ್ಲಿಗೆ ಹೋಗ್ಬೇಕು."

ನಾನು ಕಲ್ಲುಗಳನ್ನು ದಾಟಿದೆ. ಹುಲ್ಲಿನ ನಡುವೆ ಕೆಂಪು ಕಲ್ಲು ಇಣುಕುತ್ತಿತ್ತು. ತುದಿಗೆ ಹೋಗಿ, ಸೊಂಟದ ಮೇಲೆ ಕೈ ಇಟ್ಟು, ನನ್ನ ಫೋಟೋ ತೆಗೆ ಎಂದೆ. ಅವನು ಸುಣ್ಣದ ಕಲ್ಲಿನ ಆಚೆಯಿಂದಲೇ ತನ್ನ ಫೋನಿನಲ್ಲಿ ತೆಗೆದ. ಆಮೇಲೆ ನಾನು ರೂಢಿಯಂತೆ ಹಿಮ್ಮಡಿಯಿಂದ ನೆಲ ಕುಟ್ಟಿದೆ.

ಇಲ್ಲಿ ನಿಲ್ಲಿಸಿ ನಿಜ ಹೇಳಬೇಕು. ಠಣ್ ಎನ್ನಲಿಲ್ಲ. ಬೊದ್ ಎಂದಿತು. ಹುಲ್ಲಿನ ಬೇರಿನಲ್ಲಿ ಸದ್ದು ಸತ್ತಿರಬೇಕು, ಅಲೆಯ ಅಬ್ಬರದಲ್ಲಿ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡೆ. ಕೇಳಿಸಿತ್ತು. ನನ್ನ ಅಂಗಡಿಯಲ್ಲಿ ಆ ಸದ್ದು ಬಂದಿದ್ದರೆ ಲಾರಿಯನ್ನೇ ವಾಪಸ್ ಕಳಿಸುತ್ತಿದ್ದೆ. ಆದರೆ ಅಷ್ಟು ಹೊತ್ತು ಅವನನ್ನು ಆಡಿಕೊಂಡು, ಅವನ ಕಣ್ಣೆದುರಿಗೇ ಹಿಂದೆ ಸರಿಯುವುದಕ್ಕೆ ನನಗಾಗಲಿಲ್ಲ.

"ಕಲ್ಲು ಕಣೋ ಇದು, ಎಲ್ಲೂ ಹೋಗಲ್ಲ. ಬಾ, ನಿಂದೂ ಒಂದು ತೆಗೀತೀನಿ" ಎಂದೆ.

"ಬ್ಯಾಡ ಭಾವ. ಮಗು ಏನೂ ತಿಂದಿಲ್ಲ, ಹಸ್ಕೊಂಡಿರ್ತಾಳೆ. ಬೇಗ ಹೋಗಣ."

"ಅವ್ರಪ್ಪ ಒಂದು ಫೋಟೋ ತಗಂಡ್ರೆ ಮಗು ಸೊರಗೋಗಲ್ಲ. ಕಲ್ಲಿನ ವಿಷ್ಯ ನನಗೆ ಹೇಳ್ಕೊಡ್ತೀಯೇನ್ಲಾ? ಸ್ಕೂಲಲ್ಲೇ ಇರು ನೀನು, ಹುಡುಗ್ರ ಮುಂದೆ ಮಾತ್ರ ಶೂರ."

ಅವನು ಬರಲಿಲ್ಲ. ನಾನೇ ಹೋಗಿ ಕೈ ಹಿಡಿದೆ. ಅಂಗೈ ಬೆವತಿತ್ತು. ನಗುತ್ತಾ ಎಳೆದುಕೊಂಡು ಬಂದೆ, ಮದುವೆಯಲ್ಲಿ ನಾಚಿಕೊಳ್ಳುವವರನ್ನು ಊಟದ ಪಂಕ್ತಿಗೆ ಎಳೆಯುವ ಹಾಗೆ. ಹಿರಿಯ ಭಾವ ಎಳೆಯುವಾಗ ಕೈ ಕೊಡವಿಕೊಳ್ಳುವ ಜನವಲ್ಲ ನಾವು. ಅವನೂ ಕೊಡವಿಕೊಳ್ಳಲಿಲ್ಲ. ಇಬ್ಬರೂ ತುದಿಯಲ್ಲಿ ಅಕ್ಕಪಕ್ಕ ನಿಂತೆವು. ಅವನು ಕೆಳಗೆ ನೋಡಲೇ ಇಲ್ಲ, ಕಾಲಿನ ಬಳಿಯ ಹುಲ್ಲನ್ನೇ ನೋಡುತ್ತಿದ್ದ.

"ಭಾವ, ಇಲ್ಲಿ ನೆಲ ಅಲ್ಲಾಡ್ತದೆ. ನೀವು ಹಿಂದಕ್ಕೆ ಹೋಗಿ" ಎಂದ.

ನಾನು ಹಿಂದಕ್ಕೆ ಸರಿದೆ. ಅವನು ಹೇಳಿದ್ದಕ್ಕಲ್ಲ, ಫೋಟೋ ತೆಗೆಯುವುದಕ್ಕೆ. "ಫೋನ್ ಕೊಡು" ಎಂದೆ. ಅವನು ಫೋನನ್ನು ನನ್ನ ಕಡೆಗೆ ಚಾಚಿದ. ಕಾಲು ಜಾರಲಿಲ್ಲ. ಅವನು ನಿಂತಿದ್ದ ಹುಲ್ಲು, ಮಣ್ಣು, ಕೆಂಪು ಕಲ್ಲು ಎಲ್ಲವೂ ಒಟ್ಟಿಗೆ ಕೆಳಗಿಳಿದವು, ಅವನ ಸಮೇತ. ಕೂಗಲೂ ಇಲ್ಲ. ನನ್ನ ಕಾಲಿನ ಮುಂದೆ ಹಸಿ ಮಣ್ಣಿನ ಕೆಂಪು ಗೆರೆಯೊಂದು ಉಳಿಯಿತು.

ಮೀನುಗಾರರು ದೋಣಿ ತಂದು ಅವನನ್ನು ತೆಗೆದುಕೊಟ್ಟರು. ಪೊಲೀಸಿನವರೊಬ್ಬರು ಬಂದರು, ದಣಿದ ಮುಖದವರು. ಬೋರ್ಡಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು.

"ಎಷ್ಟು ಹೇಳಿದ್ರೂ ಇದೇ ಗೋಳು. ಸೆಲ್ಫಿ ತೆಗೀಲಿಕ್ಕೆ ಹೋದದ್ದಾ?"

ಹತ್ತಿರದಲ್ಲಿ ನನ್ನ ಹೆಂಡತಿ ನಿಂತಿದ್ದಳು. ಭಾಮೈದನ ಹೆಂಡತಿ ನೆಲದ ಮೇಲೆ ಕೂತು ಮಗಳನ್ನು ತೊಡೆಯಲ್ಲಿ ಅವಚಿಕೊಂಡಿದ್ದಳು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು "ಹ್ಞೂಂ ಸಾರ್" ಎಂದೆ.

ಅಷ್ಟೇ. ನಾನು ಕತೆ ಕಟ್ಟಲಿಲ್ಲ. ಅವರೇ ಕೇಳಿದರು, ನಾನು ಹ್ಞೂಂ ಎಂದೆ. ಆಮೇಲೆ ಅದು ತಾನಾಗಿ ಬೆಳೆಯಿತು. ಮೊಬೈಲು ಕೈಯಲ್ಲೇ ಇತ್ತಂತೆ ಎಂದರು. ನಗುತ್ತಾ ಹಿಂದೆ ಹಿಂದೆ ಹೋದನಂತೆ ಎಂದರು. ಮಣ್ಣಿಗೆ ಬಂದವರೆಲ್ಲ ಒಬ್ಬರಿಗೊಬ್ಬರು ಅದನ್ನೇ ಹೇಳಿಕೊಂಡರು. ಕುಣಿಗಲ್ಲಿನ ಹತ್ತಿರ ಅವರ ತೋಟದಲ್ಲಿ ಅವನನ್ನು ಮಣ್ಣು ಮಾಡುವಾಗ ಅವನ ಹೆಂಡತಿ ಅಳಲಿಲ್ಲ. ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಆಘಾತವಿರಬೇಕು ಎಂದರು ಜನ. ಅದು ಸಿಟ್ಟು ಎಂದು ನನಗೆ ಆಗಲೇ ಅನ್ನಿಸಿತ್ತು.

ಒಬ್ಬಳು ಮಾತ್ರ ಈ ಕತೆಯನ್ನು ನಂಬಲಿಲ್ಲ. ನನ್ನ ಹೆಂಡತಿ. ಅನ್ನ ಬಡಿಸುವಾಗಲೋ ಬಟ್ಟೆ ಮಡಚುವಾಗಲೋ ಇದ್ದಕ್ಕಿದ್ದ ಹಾಗೆ ಕೇಳುತ್ತಿದ್ದಳು.

"ನಿಜ ಹೇಳಿ. ನನ್ನ ತಮ್ಮ ಅಟ್ಟದ ಏಣಿ ಹತ್ತುತಿರ್ಲಿಲ್ಲ. ಅಂಥೋನು ಅಲ್ಲಿಗೆ ಹೋದ್ನಾ?"

"ಹೋದ. ನಾನೇನು ಸುಳ್ಳು ಹೇಳ್ತಿದೀನಾ?"

"ಸುಳ್ಳು ಅಂತಿಲ್ಲ. ಅವ್ನು ಅಂಥೋನಲ್ಲ ಅಂತಿದೀನಿ."

"ಸತ್ತೋನನ್ನ ಎಷ್ಟು ಸಲ ಸಾಯಿಸ್ತೀಯೇ? ಬುಡು ಇನ್ನ!"

ನಾನು ಬೈದ ಮೇಲೆ ಸುಮ್ಮನಾಗುತ್ತಿದ್ದಳು. ಸಕ್ಕರೆ ಕಾಯಿಲೆ ಬಂದು ಕಾಲಿನ ಗಾಯ ಮಾಯದೆ ಮಲಗಿದಾಗಲೂ ಒಮ್ಮೆ ಕೇಳಿದಳು. ಆಗ ನಾನು ಬೈಯಲಿಲ್ಲ, ಎದ್ದು ಹೊರಗೆ ಹೋದೆ. ವಾಪಸ್ ಬರುವಾಗ ಹೇಳಿಬಿಡಬೇಕು ಎಂದುಕೊಂಡೇ ಬಂದೆ. ಅವಳು ನಿದ್ದೆ ಹೋಗಿದ್ದಳು. ನಾಳೆ ಎಂದುಕೊಂಡೆ. ಹಾಗೆ ಅಂದುಕೊಂಡ ನಾಳೆಗಳು ಬಂದು ಹೋದವು. ಅವಳೂ ಹೋದಳು.

ಅವಳು ಹೋದ ಮೇಲೆ ನಾನೊಬ್ಬನೇ ಆ ಗುಡ್ಡಕ್ಕೆ ಹೋಗಿದ್ದೆ. ಮೇಲೆ ಹತ್ತಲಿಲ್ಲ. ನೀರು ಇಳಿದ ಹೊತ್ತಿನಲ್ಲಿ ಕೆಳಗಿನ ಮರಳಿನಲ್ಲಿ ನಡೆದು ಹೋಗಿ ತಲೆ ಎತ್ತಿ ನೋಡಿದೆ. ಆಗ ಕಂಡಿತು. ಅಲೆಗಳು ಬುಡವನ್ನು ಕೊರೆದು ಕೊರೆದು ಗುಹೆಯ ಹಾಗೆ ಮಾಡಿದ್ದವು. ಮೇಲಿನ ತುದಿ ಆಧಾರವಿಲ್ಲದೆ ಮುಂದಕ್ಕೆ ಚಾಚಿಕೊಂಡಿತ್ತು, ಹಳೇ ಮನೆಯ ಸೂರು ಗೋಡೆಯಿಂದ ಹೊರಗೆ ಚಾಚಿಕೊಂಡಿರುವಂತೆ. ಅದರ ಅಡಿಯಿಂದ ಹುಲ್ಲಿನ ಬೇರುಗಳು ಇಳಿಬಿದ್ದು ನೀರು ತೊಟ್ಟಿಕ್ಕುತ್ತಿತ್ತು. ಮೇಲೆ ನಿಂತವರಿಗೆ ಇದ್ಯಾವುದೂ ಕಾಣುವುದಿಲ್ಲ. ಅವರಿಗೆ ಕಾಣುವುದು ಹುಲ್ಲು, ಸಮತಟ್ಟು ನೆಲ, ಆಚೆಗೆ ಸಮುದ್ರ. ಆ ಕೆಂಪು ಕಲ್ಲು ನಮ್ಮ ಕಡೆಯ ಬಂಡೆಯೂ ಅಲ್ಲ. ಉಗುರಿನಲ್ಲಿ ಕೆರೆದೆ, ಪುಡಿಯಾಯಿತು. ಮಳೆಯ ನೀರು ಕುಡಿದಾಗ ಅದು ಇನ್ನೂ ಮೆತ್ತಗಾಗುತ್ತದೆ. ಆ ದಿನ ನಾವು ನಿಂತಿದ್ದು ನೆಲದ ಮೇಲಲ್ಲ, ಸೂರಿನ ಮೇಲೆ. ನಮ್ಮ ಬೆಟ್ಟದ ಬುದ್ಧಿಯನ್ನು ಇಟ್ಟುಕೊಂಡು ಅಲ್ಲಿಗೆ ಹೋದವನು ನಾನು. ತಪ್ಪು ತಿಳಿವಳಿಕೆಗೆ ಕ್ಷಮೆ ಸಿಗಬಹುದು. ಬೊದ್ ಎಂದದ್ದನ್ನು ಕೇಳಿಯೂ ಕರೆದದ್ದಕ್ಕೆ ಯಾರು ಕ್ಷಮೆ ಕೊಡುತ್ತಾರೆ?

ಅವನ ಮಗಳು ಬೆಳೆದಳು. ಕಾಲೇಜಿಗೆಂದು ತುಮಕೂರಿಗೆ ಬಂದು ಕ್ಯಾತ್ಸಂದ್ರದ ಹಾಸ್ಟೆಲಿನಲ್ಲಿದ್ದಳು. ಭಾನುವಾರ ನಾನು ಹೋಗಿ ಹೈವೇ ಬದಿಯ ಹೋಟೆಲಿನಲ್ಲಿ ದೋಸೆ ಕೊಡಿಸುತ್ತಿದ್ದೆ. ಒಳ್ಳೆಯ ಹುಡುಗಿ, ಬಾಯಿ ಜೋರು. ಒಂದು ದಿನ ಪಕ್ಕದ ಮೇಜಿನ ಹುಡುಗಿಯರು ಗುಂಪಾಗಿ ಫೋನು ಎತ್ತಿ ಹಿಡಿದು ಫೋಟೋ ತೆಗೆದುಕೊಳ್ಳುತ್ತಿದ್ದರು. ಇವಳು ಮುಖ ಆ ಕಡೆ ತಿರುಗಿಸಿದಳು.

"ನಿನಗ್ಯಾಕೆ ಅಷ್ಟು ಕೋಪ?" ಎಂದೆ, ಗೊತ್ತಿದ್ದೂ.

"ಕೋಪ ಅಲ್ಲ ಮಾವ. ಲೆಕ್ಕ ಹಾಕ್ತೀನಿ. ಆವತ್ತು ನಾನು ಕಾರಲ್ಲಿ ವಾಂತಿ ಮಾಡ್ಕೊಂಡು ಮಲಗಿದ್ದೆ. ಅಪ್ಪಂಗೆ ನನಗಿಂತ ಫೋಟೋ ದೊಡ್ಡದಾಯ್ತು." ಚಟ್ನಿಯ ಬಟ್ಟಲನ್ನು ನನ್ನ ಕಡೆ ತಳ್ಳಿದಳು. "ತಿನ್ನಿ, ಆರೋಗ್ತದೆ."

ನಾನು ತಿಂದೆ. ನನ್ನ ಬಗ್ಗೆ ನನಗೆ ಹೇಸಿಗೆ ಹುಟ್ಟಿಸುವ ನೆನಪುಗಳಲ್ಲಿ ಇದು ಗುಡ್ಡದ ನೆನಪಿಗಿಂತ ಕೆಳಗಿಲ್ಲ. ಅವಳು ಹಾಗೆ ಹೇಳಿದ ಮೇಲೂ ದೋಸೆ ತಿಂದೆ.

ಹೋದ ವರ್ಷ ಅವಳಿಗೆ ಗುಬ್ಬಿಯಿಂದ ಒಂದು ಸಂಬಂಧ ಬಂತು. ಕೊಬ್ಬರಿ ವ್ಯಾಪಾರದ ಮನೆ, ಹುಡುಗ ಒಳ್ಳೆಯವನು. ಊರಿನ ಪರಿಚಯ ನನಗಿದ್ದದ್ದರಿಂದ ಮಾತುಕತೆಗೆ ಅವಳ ತಾಯಿಯ ಜೊತೆ ನಾನೇ ಹೋದೆ. ಭಾಮೈದನ ಹೆಂಡತಿ ನನಗೆ ತಂಗಿಯಾಗಬೇಕು, ಅವಳು ನನ್ನನ್ನು ಅಣ್ಣ ಎಂದೇ ಕರೆಯುವುದು. ಕಾಫಿ ಆದ ಮೇಲೆ ಹುಡುಗನ ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು.

"ಯಜಮಾನ್ರು ಅದೇ, ಸಮುದ್ರದ ಹತ್ರ... ಅಲ್ವಾ?"

"ಹೌದು" ಎಂದಳು ತಂಗಿ.

"ಹುಡುಗಿಗೂ ಮೊಬೈಲ್ ಹುಚ್ಚೇನಾದ್ರೂ ಐತಾ ತಾಯಿ? ಇರ್ಲಿ, ಈಗಿನ ಕಾಲ. ನಮ್ಮ ಮನೆ ಬಾವಿಗೆ ಕಟ್ಟೆ ಎತ್ತರ ಮಾಡ್ಸಿದೀವಿ ಬುಡಿ!"

ಒಂದಿಬ್ಬರು ನಕ್ಕರು. ತಂಗಿಯೂ ನಗಲು ನೋಡಿದಳು.

"ಇಲ್ಲ ಇಲ್ಲ, ಅವಳು ಅವ್ರಪ್ಪನ ಥರ ಅಲ್ಲ. ನಮ್ಮೆಜಮಾನ್ರಿಗೆ ಅದೊಂದು ಬುದ್ಧಿ ಸಾಲ್ದೋಯ್ತು" ಎಂದಳು.

ಗಂಡನನ್ನು ಬಿಟ್ಟುಕೊಟ್ಟು ಮಗಳನ್ನು ಉಳಿಸಿಕೊಳ್ಳುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ, ಹಿರಿಯನಾಗಿ, ಹೆಗಲ ಮೇಲೆ ಮಡಿಕೆ ಮುರಿಯದ ಟವಲು ಹಾಕಿಕೊಂಡು. ಆ ಮನೆಯಲ್ಲಿ ಬಾಯಿ ಬಿಡುವುದಕ್ಕೆ ಅದೇ ಹೊತ್ತಾಗಿತ್ತು. ಬಿಡಲಿಲ್ಲ. ಸಂಬಂಧ ಕುದುರಿತು.

ಅದಾದ ಸ್ವಲ್ಪ ದಿನಕ್ಕೆ ಮಹಾಲಯ ಅಮಾವಾಸ್ಯೆ ಬಂತು. ಆ ದಿನ ನಮ್ಮ ಕಡೆ ಸತ್ತ ಹಿರಿಯರಿಗೆ ಅವರಿಗಿಷ್ಟವಾದ ಅಡಿಗೆ ಮಾಡಿ ಎಡೆ ಇಡುತ್ತೇವೆ. ನನ್ನ ಮನೆಯಲ್ಲಿ ಮಾಡುವವರಿಲ್ಲವೆಂದು ತಂಗಿ ನನ್ನನ್ನು ಕುಣಿಗಲ್ಲಿಗೆ ಕರೆದಿದ್ದಳು. ಮಗಳೂ ಬಂದಿದ್ದಳು. ಬಾಳೆಲೆಯ ಮೇಲೆ ಅವನಿಗಿಷ್ಟವಾದ ಒಬ್ಬಟ್ಟು, ಪಂಚೆ, ಷರಟು. ತಂಗಿ ತುಪ್ಪ ಬಡಿಸುತ್ತಾ ತನ್ನಷ್ಟಕ್ಕೆ ಹೇಳಿಕೊಂಡಳು, ಎಷ್ಟೋ ವರ್ಷದಿಂದ ಹೇಳಿ ಸವೆದ ಮಾತಿನ ಹಾಗೆ: "ತಿನ್ನು. ಮಗಳ ಮದ್ವೆಗೆ ಇರ್ಬೇಕು ಅನ್ನಿಸ್ಲಿಲ್ಲ ನಿಂಗೆ. ತಿನ್ನು."

ನಾನು ಗೋಡೆ ಹಿಡಿದುಕೊಂಡು ಎದ್ದು ನಿಂತೆ.

"ತಂಗಿ, ಅವನನ್ನ ಬೈಬೇಡ. ಅವ್ನು ಫೋಟೋ ತಗಳ್ಳಕ್ಕೆ ಹೋಗ್ಲಿಲ್ಲ. ನಾನೇ ಕರ್ದೆ."

ಅವಳು ತುಪ್ಪದ ಮಿಳ್ಳೆ ಹಿಡಿದುಕೊಂಡೇ ತಿರುಗಿದಳು. "ಏನಂದ್ರಿ?"

ಹೇಳಿದೆ. ಬೋರ್ಡು ಓದಿದ್ದು, ಆಡಿಕೊಂಡದ್ದು, ಹಿಮ್ಮಡಿಯ ಸದ್ದು, ಬೇಡವೆಂದರೂ ಕೈ ಹಿಡಿದು ಎಳೆದದ್ದು. ಪೊಲೀಸಿನವರಿಗೆ ಹ್ಞೂಂ ಎಂದದ್ದು. ಅಳಲಿಲ್ಲ ನಾನು. ಅಳುವ ಹಕ್ಕು ನನ್ನದಲ್ಲ ಅನ್ನಿಸಿತು.

ಅವಳು ಎಡೆಯ ಮುಂದೆ ಕೂತುಬಿಟ್ಟಳು. "ಅಕ್ಕಂಗೆ ಗೊತ್ತಿತ್ತಾ?" ಎಂದು ಕೇಳಿದಳು. ನನ್ನ ಹೆಂಡತಿಯ ಮಾತು.

"ಇಲ್ಲ."

"ಸಾಯೋವರ್ಗೂ ‘ನನ್ನ ತಮ್ಮ ಅಂಥೋನಲ್ಲ’ ಅಂತಿದ್ರು. ನಾನು ಅವ್ರ ಮೇಲೂ ರೇಗಿದೀನಿ. ತಮ್ಮನ ಪರ ಮಾತಾಡ್ತೀರ ಅಂತ." ಮಿಳ್ಳೆಯನ್ನು ಕೆಳಗಿಟ್ಟಳು. "ಅಣ್ಣಾ, ಮಣ್ಣಿನ ದಿನ ನಾನು ಅಳ್ಲಿಲ್ಲ. ಕೋಪಕ್ಕೆ ಅಳು ಬರ್ಲಿಲ್ಲ. ಆಮೇಲೆ ಅಳೋಣ ಅಂದ್ರೆ ಹೊತ್ತು ಮೀರೋಗಿತ್ತು. ವರ್ಷಾ ವರ್ಷಾ ಎಡೆ ಇಟ್ಟು ಬೈದಿದೀನಿ. ತಪ್ಪು ಮಾಡ್ದೆ ಇರೋರನ್ನ. ನನ್ನ ಬಾಯಲ್ಲಿ ಬೈಸಿದ್ರಲ್ಲಣ್ಣ!"

ಆಗ ಅತ್ತಳು. ಆ ಅಳುವನ್ನು ನಾನು ವರ್ಣಿಸುವುದಿಲ್ಲ.

ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಅಳಲಿಲ್ಲ. ನನ್ನ ಹತ್ತಿರ ಬಂದು ಕೇಳಿದಳು.

"ಮಾವ, ಅಪ್ಪ ಕೊನೇಲಿ ನನ್ನ ಹೆಸ್ರು ಹೇಳಿದ್ರಾ?"

ಹೌದು ಎನ್ನುವುದು ಬಹಳ ಸುಲಭವಿತ್ತು. ಮೊದಲಿನ ಹ್ಞೂಂ ಹಾಗೆಯೇ ಬಂದಿತ್ತು, ಕೇಳಿದವರಿಗೆ ಬೇಕಾದ ಹಾಗೆ. ನಾಲಿಗೆಯ ತುದಿಯವರೆಗೂ ಬಂತು.

"ಇಲ್ಲ ಮಗಾ. ಹೇಳಕ್ಕೆ ಟೈಮ್ ಇರ್ಲಿಲ್ಲ. ಆದ್ರೆ ನಾನು ಕರ್ದಾಗ ಬ್ಯಾಡ ಅಂದಿದ್ದ. ಮಗು ಏನೂ ತಿಂದಿಲ್ಲ, ಹಸ್ಕೊಂಡಿರ್ತಾಳೆ, ಬೇಗ ಹೋಗಣ ಅಂದಿದ್ದ. ನಾನು ಬಿಡ್ಲಿಲ್ಲ."

"ಬರೋಕ್ ಹೊರಟಿದ್ರು" ಎಂದಳು, ನನಗಲ್ಲ, ತನಗೇ. "ನನ್ನ ಹತ್ರ ವಾಪಸ್ ಬರೋಕೆ ಹೊರಟಿದ್ರು." ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ತಂಗಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಆಡಿದ ಮಾತು ಇಷ್ಟೆ.

"ಇಲ್ಲಿ ನನ್ನ ಹತ್ರ ಹೇಳಿದ್ರೆ ಆಗಲ್ಲ. ಗುಬ್ಬಿಗೆ ಹೋಗಿ ಅವ್ರ ದೊಡ್ಡಪ್ಪನ ಮುಂದೆ ಹೇಳಿ. ಅವ್ರ ಸ್ಕೂಲಿಗೆ ಹೋಗಿ ಹೇಳಿ. ವರ್ಷಾ ವರ್ಷಾ ಪ್ರವಾಸ ಹೊರಡೋ ಮುಂಚೆ ಮಕ್ಕಳಿಗೆ ನಮ್ಮೆಜಮಾನ್ರ ಕತೆ ಹೇಳ್ತಾರೆ, ಹಿಂಗ್ ಮಾಡ್ಬೇಡಿ ಅಂತ. ಪಾಠ ಹೇಳ್ಕೊಟ್ಟ ಸ್ಕೂಲಲ್ಲೇ ದಡ್ಡರಾಗವ್ರೆ."

ಗುಬ್ಬಿಗೆ ಹೋದೆ. ದೊಡ್ಡಪ್ಪ ಕೇಳಿ, ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು, "ಮೊನ್ನೆ ನಾನು ನಕ್ಕಾಗ ನೀವು ಪಕ್ಕದಲ್ಲೇ ಇದ್ರಲ್ರೀ" ಎಂದರು. ಇದ್ದೆ ಎಂದೆ. ಕಾಫಿ ಕೊಡಲಿಲ್ಲ. ಸರಿಯಾಗಿಯೇ ಮಾಡಿದರು.

ಶಾಲೆಗೆ ಹೋಗುವುದು ಅದಕ್ಕಿಂತ ಕಷ್ಟವಾಯಿತು. ಈಗಿನ ಹೆಡ್‌ಮೇಡಂ ಅವನ ಜೊತೆ ಕೆಲಸ ಮಾಡಿದವರೇ. ನನ್ನ ಮಾತು ಕೇಳಿ ತುಂಬ ಹೊತ್ತು ಕನ್ನಡಕ ಒರೆಸಿಕೊಂಡರು. ಪ್ರವಾಸದ ಹಿಂದಿನ ದಿನ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ನನ್ನನ್ನು ಮಕ್ಕಳ ಮುಂದೆ ನಿಲ್ಲಿಸಿದರು. ಸಾಲಾಗಿ ನಿಂತ ಮಕ್ಕಳು, ನೀಲಿ ಸಮವಸ್ತ್ರ. ನಾನು ಮೈಕು ಬೇಡವೆಂದೆ.

ನಿಮ್ಮ ಶಾಲೆಯ ಮೇಷ್ಟ್ರು ಫೋಟೋಗಾಗಿ ಸಾಯಲಿಲ್ಲ ಎಂದು ಹೇಳಿದೆ. ಅವರು ಬೋರ್ಡು ಓದಿ ನಿಂತವರು, ನಾನು ದಾಟಿದವನು ಎಂದೆ. ಸಮುದ್ರದ ಪಕ್ಕದ ಗುಡ್ಡ ನಮ್ಮ ಬೆಟ್ಟದ ಹಾಗಲ್ಲ, ಹುಲ್ಲಿನ ಕೆಳಗೆ ನೆಲ ಇರುತ್ತದೆಂದು ನಂಬಬೇಡಿ, ತುದಿಯಿಂದ ದೂರ ನಿಂತರೂ ಸಮುದ್ರ ಕಾಣುತ್ತದೆ ಎಂದೆ. ಹೆದರಿದವರನ್ನು ಆಡಿಕೊಳ್ಳಬೇಡಿ, ಹಾಗೆ ಆಡಿಕೊಂಡೇ ನಾನು ಒಬ್ಬರನ್ನು ಕಳೆದುಕೊಂಡೆ ಎಂದೆ. ಮುಂದಿನ ಸಾಲಿನಲ್ಲಿದ್ದ ಎರಡು ಜಡೆಯ ಹುಡುಗಿ ಕೈ ಎತ್ತಿದಳು.

"ತಾತ, ನೀವೂ ಅಲ್ಲೇ ಇದ್ರಲ್ಲ. ನೀವ್ಯಾಕೆ ಬೀಳ್ಲಿಲ್ಲ?"

ಮೇಡಂ ಅವಳನ್ನು ಗದರಲು ಹೋದರು. ನಾನು ಬೇಡವೆಂದೆ.

"ನಿಮ್ಮ ಮೇಷ್ಟ್ರು ನಂಗೆ ಹಿಂದಕ್ಕೆ ಹೋಗಿ ಅಂದ್ರು ಕಣವ್ವ. ನಾನು ಹಿಂದಕ್ಕೆ ಬಂದಿದ್ದೆ. ಅವ್ರಿಗೆ ಬರಕ್ಕಾಗ್ಲಿಲ್ಲ."

ಹುಡುಗಿ ತಲೆ ಆಡಿಸಿ ಕೈ ಇಳಿಸಿದಳು.

ಗೇಟಿನ ಹೊರಗೆ ತಂಗಿ ನಿಂತಿದ್ದಳು. ಬರುತ್ತೇನೆಂದು ಅವಳು ಹೇಳಿರಲಿಲ್ಲ.

"ಎಲ್ಲ ಹೇಳಿದ್ರಾ?"

"ಎಲ್ಲ ಹೇಳ್ದೆ."

"ಸರಿ." ದೂರ ನೋಡುತ್ತಾ ಹೇಳಿದಳು. "ಮದ್ವೆಗೆ ಬರ್ಬೇಡಿ ಅಣ್ಣ. ಅವಳಿಗೆ ನೋಡ್ಬೇಕು ಅನ್ನಿಸಿದ್ರೆ ಅವಳೇ ತುಮಕೂರಿಗೆ ಬರ್ತಾಳೆ. ನಾನು ಕರೆಯಲ್ಲ, ತಡೆಯೋದೂ ಇಲ್ಲ."

ಆಗಲಿ ಎಂದೆ. ಅವಳು ಮನೆಯ ಕಡೆ ಹೋದಳು, ನಾನು ಬಸ್ ಸ್ಟ್ಯಾಂಡಿನ ಕಡೆ ಹೊರಟೆ. ಕಾಂಪೌಂಡಿನ ಒಳಗೆ ಮೇಡಂ ಮೈಕಿನಲ್ಲಿ ಮಕ್ಕಳಿಗೆ ಪ್ರವಾಸದ ನಿಯಮ ಹೇಳುತ್ತಿದ್ದರು. ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಬಾರದು. ಗುಂಪು ಬಿಟ್ಟು ಹೋಗಬಾರದು. ಅಂಚಿಗೆ ದೊಡ್ಡವರು ಕರೆದರೂ ಹೋಗಬಾರದು. ಮಕ್ಕಳು ಒಂದೊಂದಕ್ಕೂ "ಇಲ್ಲ ಮಿಸ್" ಎಂದು ಒಟ್ಟಿಗೆ ಕೂಗುತ್ತಿದ್ದರು. ಅವನ ಹೆಸರು ಎಲ್ಲಾದರೂ ಬರುತ್ತದೇನೋ ಎಂದು ಗೋಡೆಯ ಈಚೆ ನಿಂತು ಕೊನೆಯವರೆಗೂ ಕೇಳಿದೆ. ಬರಲಿಲ್ಲ.